ಅಡವಯ್ಯನ ಸಾರಾಯಿ

ಮಧುಗಿರಿಯಲ್ಲಿ ಅಡವಯ್ಯ ನೆಟ್ಟಗೆ ಕೂತದ್ದನ್ನು ಕಂಡವರು ಕಡಿಮೆ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಇರುತ್ತಿದ್ದ, ಯಾರಾದರೂ ಕೂಗಿದರೆ ತುತ್ತು ಬಿಟ್ಟು ಓಡುವವನ ಹಾಗೆ. ಹಜಾಮನ ಮುಂದೆ ಕೂತಾಗಲೂ ಅತ್ತ ಇತ್ತ ಕತ್ತು ತಿರುಗಿಸಿ ಕೆನ್ನೆ ಕುಯ್ಯಿಸಿಕೊಳ್ಳುತ್ತಿದ್ದ. ಅವನ ಹೆಂಡತಿ ಕರಿಬಸಮ್ಮ, "ನಿಮ್ಮ ಕಾಲಿಗೆ ಯಾವನೋ ಚಕ್ರ ಕಟ್ಟವ್ನೆ ಕಣ್ರೀ, ಒಂದ್ ಗಳಿಗೆ ಕುಂತ್ಕಳ್ಳಿ" ಎಂದು ಬೈದು ಬೈದು ಸಾಕಾಗಿದ್ದಳು. ಇಂಥವನಿಗೆ ಶಿವ ಎಂಥ ಕೆಲಸ ಕೊಟ್ಟ ನೋಡಿ: ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂರುವ ಕೆಲಸ!

ಊರಾಚೆ, ಬೆಟ್ಟದ ಬುಡದಲ್ಲಿ, ಸರ್ಕಾರದ್ದೊಂದು ಹೆಂಚಿನ ಶೆಡ್ಡಿತ್ತು. ಸರ್ಕಾರ ಅದಕ್ಕೆ ಇಟ್ಟ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಜನ ಅದನ್ನು ಕುರಿ ಬಂಗಲೆ ಎಂದರು, ಅಲ್ಲಿದ್ದ ಸಾಹೇಬರನ್ನು ಕುರಿ ಡಾಕ್ಟರು ಎಂದರು. ಶಿರಾ, ಪಾವಗಡದ ಕಡೆಯ ಮಂದೆಗಳಿಗೆ ಆಗ ತಿರುಗುಬ್ಯಾನೆ ಬಡಿದಿತ್ತು. ಚೆನ್ನಾಗಿದ್ದ ಕುರಿ ಇದ್ದಕ್ಕಿದ್ದ ಹಾಗೆ ಮಂದೆ ಬಿಟ್ಟು ನಿಂತಲ್ಲೇ ಒಂದೇ ದಿಕ್ಕಿಗೆ ಸುತ್ತುತ್ತದೆ, ಸುತ್ತಿ ಸುತ್ತಿ ಬೀಳುತ್ತದೆ, ಮೇವು ಬಿಟ್ಟು ಸಾಯುತ್ತದೆ. ಮಿದುಳಿನಲ್ಲಿ ಒಂದು ನೀರಿನ ಗುಳ್ಳೆ ಕಟ್ಟಿಕೊಳ್ಳುವುದೇ ಅದಕ್ಕೆ ಕಾರಣ. ಬುರುಡೆಗೆ ಸಣ್ಣದೊಂದು ತೂತು ಕೊರೆದು, ಆ ಗುಳ್ಳೆ ಒಡೆಯದ ಹಾಗೆ ಎಳೆದು ತೆಗೆದು, ಮತ್ತೆ ಹೊಲಿದು ಕುರಿಯನ್ನು ಉಳಿಸಬಹುದೇ? ಎಲ್ಲಿ ಕೊಯ್ದರೆ ರಕ್ತ ಕಡಿಮೆ, ಯಾವ ದಾರದಲ್ಲಿ ಹೊಲಿದರೆ ಗಾಯ ಕೀವಾಗುವುದಿಲ್ಲ? ಇದನ್ನೆಲ್ಲ ಕಂಡುಹಿಡಿಯುವುದಕ್ಕೆ ಡಾಕ್ಟರು ಬಂದಿದ್ದರು. ಬ್ಯಾನೆ ಬಂದ ಕುರಿಗಳ ಮೇಲೂ ಮಾಡಿ ನೋಡುತ್ತಿದ್ದರು, ಸರ್ಕಾರ ಕೊಡಿಸಿದ ಗಟ್ಟಿಮುಟ್ಟಾದ ಕುರಿಗಳ ಮೇಲೂ ಮಾಡಿ ನೋಡುತ್ತಿದ್ದರು.

ಅಡವಯ್ಯ ಮೊದಲು ಒಂದು ಜವಳಿ ಅಂಗಡಿಯಲ್ಲಿದ್ದ. ಗದ್ದುಗೆಯ ಮೇಲೆ ಕೂರಲಾರದವನನ್ನು ಯಾವ ಸಾಹುಕಾರ ಇಟ್ಟುಕೊಳ್ಳುತ್ತಾನೆ? ಅಲ್ಲಿಂದ ಬಿಡಿಸಿದ ಮೇಲೆ ಕುರಿ ಬಂಗಲೆಯ ಆಳಾದ. ಲಿಂಗಾಯತರ ಮನೆಯವನು ಕುರಿ ಕುಯ್ಯುವಲ್ಲಿಗೆ ಹೋದ ಎಂದು ಕೇರಿಯೇ ಮೂಗು ಮುರಿಯಿತು. "ಕುಯ್ಯೋದಲ್ಲ ಕಣ್ರಪ್ಪಾ, ನಂದು ಮಲಗ್ಸೋ ಕೆಲ್ಸ" ಎಂದು ಅವನು ಕಂಡಕಂಡವರಿಗೆಲ್ಲ ಹೇಳಿದ. ಯಾರು ಕೇಳುತ್ತಾರೆ! ಮಗಳು ಕಮಲಾಕ್ಷಮ್ಮನಿಗೆ ಬಂದ ಎರಡು ಸಂಬಂಧಗಳು ಇದೇ ಮಾತಿಗೆ ತಿರುಗಿಹೋದವು. ಎರಡನೆಯ ಸಲ ಆ ಹುಡುಗಿ ಉಟ್ಟಿದ್ದ ಹೊಸ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಇಟ್ಟಳು. ಅದನ್ನು ನೋಡಿದ ಮೇಲೆ ಅಡವಯ್ಯನ ಓಡಾಟ ಇನ್ನೂ ಹೆಚ್ಚಿತು.

ಮಲಗಿಸುವ ಕೆಲಸವನ್ನು ಅವನಿಗೆ ಕಲಿಸಿದವರು ಡಾಕ್ಟರೇ. ಹಿಂದಿನ ದಿನದಿಂದ ಮೇವು ಕೊಡಬಾರದು, ಕೊಟ್ಟರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಉಸಿರು ಕಟ್ಟುತ್ತದೆ. ಜೊಲ್ಲು ಹೊರಕ್ಕೆ ಹರಿಯುವ ಹಾಗೆ ತಲೆಯನ್ನು ಸ್ವಲ್ಪ ತಗ್ಗಿಸಿ ಹಿಡಿಯಬೇಕು. ಮೂತಿಗೆ ಹತ್ತಿಯ ಚೀಲ ಕಟ್ಟಿ, ಕ್ಲೋರೋಫಾರಂ ತೊಟ್ಟು ತೊಟ್ಟಾಗಿ ಬಿಡಬೇಕು. ಕಣ್ಣಿನ ರೆಪ್ಪೆ ಮುಟ್ಟಿದರೆ ಮಿಟುಕಬಾರದು, ಗೊರಸಿನ ಸಂದಿ ಚಿವುಟಿದರೆ ಕಾಲು ಸೆಳೆದುಕೊಳ್ಳಬಾರದು. "ಮೊದಲು ನಿದ್ದೆ, ಆಮೇಲೆ ಕತ್ತಿ. ನೀನು ಹೇಳೋವರೆಗೂ ನಾನು ಕೈ ಹಚ್ಚೋದಿಲ್ಲ, ಅಡವಯ್ಯ" ಎಂದಿದ್ದರು ಡಾಕ್ಟರು. ಅಷ್ಟು ದೊಡ್ಡ ಸಾಹೇಬರ ಕತ್ತಿ ತನ್ನೊಂದು ಮಾತಿಗೆ ಕಾಯುತ್ತದೆ ಎಂದರೆ ಸುಮ್ಮನೆಯೇ? ಅಡವಯ್ಯ ರೆಪ್ಪೆ ಮುಟ್ಟುತ್ತಿದ್ದ, ಚಿವುಟುತ್ತಿದ್ದ, ಅನುಮಾನವಾಗಿ ಮತ್ತೊಮ್ಮೆ ಚಿವುಟುತ್ತಿದ್ದ. ಕೊನೆಗೆ "ಮಲಗ್ತು ಸ್ವಾಮಿ" ಎನ್ನುತ್ತಿದ್ದ. ಅಂದ ಮೇಲೂ ಕಣ್ಣು ಆ ಕುರಿಯ ಕಣ್ಣನ್ನು ಬಿಡುತ್ತಿರಲಿಲ್ಲ.

ಆಮೇಲೆ ಯುದ್ಧ ಬಂತು. ಎಲ್ಲಿಯದೋ ಯುದ್ಧ, ಮಧುಗಿರಿಯ ಕುರಿಗೆ ತಟ್ಟಿತು. ಸೀಮೆಎಣ್ಣೆ ಸಿಗದಾಯಿತು, ಮಲ್ಲು ಬಟ್ಟೆ ಸಿಗದಾಯಿತು, ಕೊನೆಗೆ ಕ್ಲೋರೋಫಾರಂ ಕೂಡ ನಿಂತಿತು. ಇದ್ದದ್ದೆಲ್ಲ ದಂಡಿನ ಆಸ್ಪತ್ರೆಗಂತೆ. ಮೇಲಿನವರು ಮಾತ್ರ ಕೆಲಸ ನಿಲ್ಲಿಸಬೇಡಿ ಎಂದು ಬೆಂಗಳೂರಿನಿಂದ ಡಾಕ್ಟರಿಗೆ ಬರೆದರು.

ಡಾಕ್ಟರು ತಲೆ ಚಚ್ಚಿಕೊಂಡರು. ಆದರೂ ಒಂದು ಬೆಳಿಗ್ಗೆ, ಬ್ಯಾನೆ ಜಾಸ್ತಿಯಾಗಿದ್ದ ಕುರಿಯೊಂದನ್ನು ನಾಲ್ಕು ಜನ ಹಿಡಿದುಕೊಂಡರು. ಹಾಗೆಯೇ ಕತ್ತಿ ಹಾಕಿದರು. ತಲೆ ಹಿಡಿದವನು ಅಡವಯ್ಯ.

ಕುರಿ ಅರಚಲಿಲ್ಲ. ಅರಚಿದ್ದರೆ ಎಷ್ಟೋ ವಾಸಿಯಿತ್ತು. ಆಡು ಕಿರುಚುತ್ತದೆ, ನಾಯಿ ಕಚ್ಚುತ್ತದೆ, ಕುರಿ ಮಾತ್ರ ಬಾಯಿ ಬಿಡುವುದಿಲ್ಲ. ಅದು ಹಲ್ಲು ಕಡಿಯಿತು. ಕಟಕಟ ಕಟಕಟ ಎಂದು ಹಲ್ಲು ಕಡಿಯುತ್ತ, ತೆರೆದ ಕಣ್ಣಿನಿಂದ ಅಡವಯ್ಯನ ಮುಖವನ್ನೇ ನೋಡಿತು. ಅವನ ತೊಡೆಗೆ ಆ ಸದ್ದು ತಾಗುತ್ತಿತ್ತು. ಹೊಲಿಗೆ ಮುಗಿದ ಮೇಲೆ ಡಾಕ್ಟರು ಬಚ್ಚಲಿಗೆ ಹೋಗಿ ತುಂಬಾ ಹೊತ್ತು ಕೈ ತೊಳೆದರು. ಅಡವಯ್ಯ ಮನೆಗೆ ಬಂದವನು ಅನ್ನದ ಮುಂದೆ ಕೂತು, ಕರಿಬಸಮ್ಮನ ಕೈಬಳೆಯ ಸದ್ದಿಗೇ ಬೆಚ್ಚಿಬಿದ್ದ. "ಏನಾಯ್ತು?" ಎಂದರೆ "ಏನಿಲ್ಲ" ಎಂದ. ಊಟ ಹಾಗೆಯೇ ಉಳಿಯಿತು.

ಮರುದಿನ ಡಾಕ್ಟರೇ ಒಂದು ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಕರೆದರು. "ಅಡವಯ್ಯ, ಸಾರಾಯಿ ಕುಡಿಸಿದರೂ ಕುರಿಗೆ ಮಂಪರು ಬರುತ್ತದೆ. ಕೆಲವು ಕಡೆ ಮಾಡಿದ್ದಾರೆ. ನೀರು ಬೆರೆಸಿ, ಅಳತೆಯಾಗಿ ಕುಡಿಸಬೇಕು. ಆದರೆ ಸರ್ಕಾರಕ್ಕೆ ಸಾರಾಯಿ ಬೇಕು ಅಂತ ಬರೆದರೆ ನನ್ನನ್ನೇ ಹುಚ್ಚ ಅಂತಾರೆ. ನನ್ನ ಕೈಯಿಂದಲೇ ದುಡ್ಡು ಕೊಟ್ಟು ತರಿಸುತ್ತೇನೆ."

ಮೊದಲು ಹೋದವನು ಮೂಡಲಗಿರಿಯಪ್ಪ. ಹುಲಿಕುಂಟೆಯ ಗೊಲ್ಲರವನು, ಕುರಿಗಳನ್ನು ಕೂಡಿ ಹಾಕಿ ಮೇಯಿಸುವುದು ಅವನ ಕೆಲಸ. ಕುರಿ ಎಂದರೆ ಪ್ರಾಣ, ಸಾರಾಯಿ ಎಂದರೂ ಪ್ರಾಣ. ಸೀಸೆ ಹಿಡಿದು ಹೋದ, ಸೀಸೆ ತುಂಬಿಸಿಕೊಂಡು ಬಂದ. ಕುರಿಗೆ ಗೊಟ್ಟದಲ್ಲಿ ಕುಡಿಸಿದರು. ದನಕರುಗಳಿಗೆ ಔಷಧ ಹಾಕುವ ಬಿದಿರಿನ ಕೊಳವೆ, ಅದೇ ಗೊಟ್ಟ. ಕುರಿ ತೂಗಾಡಿತು, ಮಲಗಿತು, ಎಲ್ಲರಿಗೂ ಸಂತೋಷವಾಯಿತು. ಬುರುಡೆ ಅರ್ಧ ಕೊರೆದಾಗ ಅದು ಎದ್ದು ನಿಂತಿತು.

"ಲೇ ಮೂಡಲಗಿರೀ, ನಿಜ ಹೇಳ್ಲಾ, ಏನ್ ಬೆರ್ಸ್ದೆ?" ಎಂದು ಅಡವಯ್ಯ ಅವನ ರಟ್ಟೆ ಹಿಡಿದ.

"ನೀರು ಕಣ್ ಅಯ್ನೋರೇ" ಎಂದು ಮೂಡಲಗಿರಿಯಪ್ಪ ಗೊಳೋ ಎಂದು ಅತ್ತ. "ದಾರೀಲಿ ಒಂದ್ ಗುಟುಕು ಅಂತ ಬಾಯಿಗಿಟ್ಟೆ. ಆಮೇಲೆ ಗ್ಯಾನ ಇರ್ಲಿಲ್ಲ. ಕಮ್ಮಿಯಾದದ್ದಕ್ಕೆ ಕಟ್ಟೆ ನೀರು ಉಯ್ದ್ಬುಟ್ಟೆ. ನನ್ ಕೈ ಕಡ್ದಾಕ್ಬುಡಿ!"

ಈಗ ಹೇಳಿ, ಯಾರನ್ನು ಕಳಿಸುವುದು? ಕುಡಿಯುವವನ ಕೈಗೆ ಕೊಟ್ಟರೆ ತುಂಬಿದ ಸೀಸೆ ಬರುವುದಿಲ್ಲ. ಕುಡಿಯದವನು ಸಾರಾಯಿ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಡಾಕ್ಟರು ಅಡವಯ್ಯನನ್ನು ನೋಡಿದರು. ಅಡವಯ್ಯ ಅಂಗಳದಲ್ಲಿ ಅತ್ತಿಂದಿತ್ತ ನಡೆದ, ಇತ್ತಿಂದತ್ತ ನಡೆದ. ಕಿವಿಯಲ್ಲಿ ಕಟಕಟ ಸದ್ದು. "ಕೊಡಿ ಸ್ವಾಮಿ ಸೀಸೆ" ಎಂದ.

ಆದರೆ ಒಂದು ಸಂಕಟ. ಕೊರಳಲ್ಲಿ ಲಿಂಗವಿದೆ. ಲಿಂಗ ಕಟ್ಟಿಕೊಂಡು ಸಾರಾಯಿ ಅಂಗಡಿಯ ಮೆಟ್ಟಿಲು ತುಳಿಯುವುದೇ? ಶಿವ ಶಿವಾ! ತನ್ನ ಮೈ ಮೈಲಿಗೆಯಾದರೆ ಸ್ನಾನ ಮಾಡಬಹುದು, ಲಿಂಗಕ್ಕೆ ಆ ನಾತ ಹತ್ತಿಸುವುದು ಹೇಗೆ? ಹೀಗೆ ಯೋಚಿಸಿ ಯೋಚಿಸಿ ಅವನೊಂದು ಉಪಾಯ ಕಂಡುಕೊಂಡ. ಸಂಜೆ ಮನೆಗೆ ಬಂದು, ಯಾರೂ ಇಲ್ಲದ ಹೊತ್ತು ನೋಡಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕೊರಳಿಂದ ತೆಗೆದು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಹಿಂದೆ ಇಟ್ಟ. ಅಂಗಡಿಗೆ ಹೋಗಿ ಬಂದು, ಸ್ನಾನ ಮಾಡಿ, ಮತ್ತೆ ಕಟ್ಟಿಕೊಂಡ. ಎಂಥ ಬುದ್ಧಿವಂತಿಕೆ! ಪ್ರಾಣ ಹೋದರೂ ಲಿಂಗ ಮೈ ಬಿಡಬಾರದು ಎನ್ನುವ ಜನ ಅವರು. ಅದನ್ನು ಗೌರವಿಸಲು ಹೋಗಿ ಅದನ್ನೇ ತೆಗೆದಿಟ್ಟ ಮಹಾನುಭಾವ ಇವನೊಬ್ಬನೇ ಇರಬೇಕು.

ಅಂಗಡಿಯ ಇಂದ್ರಮ್ಮ ಅವನನ್ನು ಕಂಡು ಕಣ್ಣು ಅರಳಿಸಿದಳು. "ಬನ್ನಿ ಬನ್ನಿ ಅಯ್ನೋರೇ, ದಾರಿ ತಪ್ಪಿ ಬಂದ್ರಾ?"

"ಕುರಿಗೆ ಕಣಮ್ಮ" ಎಂದ ಅಡವಯ್ಯ. ಅಂಗಡಿಯೊಳಗಿದ್ದವರೆಲ್ಲ ಕುಲುಕುಲು ನಕ್ಕರು.

"ಅಂಗೇ ಆಗ್ಲಿ, ಕುರಿಗೇ ಅನ್ನಿ. ಇಲ್ಲಿ ಬರೋರೆಲ್ಲ ಒಂದೊಂದ್ ನೆಪ ಹೇಳ್ತಾರೆ, ಇದು ಹೊಸ್ದು."

ಅವನಿಗೆ ನಾಚಿಕೆಯಿಂದ ಕಿವಿ ಕೆಂಪಾದವು, ಆದರೂ ಕೆಲಸ ಬಿಡಲಿಲ್ಲ. ನೀರು ಬೆರೆಸಿದ ಸಾರಾಯಿ ಮತ್ತೆ ಕುರಿಯನ್ನು ಅರ್ಧಕ್ಕೆ ಎಬ್ಬಿಸಬಾರದಲ್ಲ. ಬಾಯಿಗೆ ಹಾಕಿ ನೋಡುವವನು ಅವನಲ್ಲ. ಒಂದು ಬಟ್ಟೆಯ ಬತ್ತಿ ಮಾಡಿ, ಸಾರಾಯಿಯಲ್ಲಿ ಅದ್ದಿ, ಅಂಗಡಿಯ ಬಾಗಿಲಲ್ಲೇ ಕಡ್ಡಿ ಗೀರಿ ಹಚ್ಚಿದ. ಬತ್ತಿ ಹತ್ತಲಿಲ್ಲ. "ಬೇರೆ ಕೊಡು" ಎಂದ. ಇಂದ್ರಮ್ಮ ಗೊಣಗಿಕೊಂಡು ಒಳಗಿನಿಂದ ಇನ್ನೊಂದು ತಂದಳು. ಈ ಸಲ ಬತ್ತಿ ನೀಲಿಯಾಗಿ ಉರಿಯಿತು. ಕುಡುಕರೆಲ್ಲ ಹೋ ಎಂದರು, ಅಷ್ಟು ದಿನದಿಂದ ತಾವು ಕುಡಿದದ್ದು ಯಾವುದು ಎಂದು ಅಂದೇ ಅವರಿಗೆ ತಿಳಿದದ್ದು.

ಮರುದಿನ ಬೆಳಿಗ್ಗೆ ಕುರಿ ಮಲಗಿತು. ರೆಪ್ಪೆ ಮಿಟುಕಲಿಲ್ಲ, ಕಾಲು ಸೆಳೆಯಲಿಲ್ಲ. ಡಾಕ್ಟರು ಗುಳ್ಳೆಯನ್ನು ಇಡಿಯಾಗಿ ಹೊರಗೆ ತೆಗೆದಾಗ ಅಡವಯ್ಯನ ಕಣ್ಣಲ್ಲಿ ನೀರು ಬಂತು. ಎರಡೂ ಕಡೆ ಗೋಣಿಚೀಲ ಒತ್ತು ಕೊಟ್ಟು ಅದನ್ನು ಎದೆಯ ಮೇಲೆ ಕೂರಿಸಿದ, ಹೊಟ್ಟೆ ಉಬ್ಬರಿಸದಿರಲಿ ಎಂದು. ಸಂಜೆಗೆ ಅದು ಮೆಲುಕು ಹಾಕಿತು. ಮೆಲುಕು ಹಾಕಿತು ಎಂದರೆ ನೋವು ಹಿಡಿತದಲ್ಲಿದೆ ಎಂದು ಅರ್ಥ.

ಅಲ್ಲಿಂದ ಮುಂದೆ ಇದೇ ದಾರಿಯಾಯಿತು. ಬೆಳಿಗ್ಗೆ ಕುರಿ ಕೊಯ್ಯುವುದಿದ್ದರೆ ಹಿಂದಿನ ಸಂಜೆ ಅಡವಯ್ಯ ಲಿಂಗ ತೆಗೆದಿಡುತ್ತಿದ್ದ, ಸೀಸೆಯನ್ನು ಪಂಚೆಯ ಮಡಿಲಲ್ಲಿ ಮುಚ್ಚಿಕೊಂಡು ಹಿತ್ತಲ ಗಲ್ಲಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಮುಚ್ಚಿಕೊಂಡು ಹೋದರೆ ಜನ ಬಿಡುತ್ತಾರೆಯೇ? ಅಡವಯ್ಯ ಕುಡಿಯಲು ಹಿಡಿದಿದ್ದಾನೆ ಎಂಬ ಮಾತು ಅವನ ಮನೆಯೊಂದನ್ನು ಬಿಟ್ಟು ಊರಿಗೆಲ್ಲ ಗೊತ್ತಾಯಿತು.

ಆ ಹೊತ್ತಿಗೇ ಕೊರಟಗೆರೆಯಿಂದ ಮೂರನೆಯ ಸಂಬಂಧ ಬಂತು. ಗಂಡಿನ ತಂದೆ ಶಂಕರಲಿಂಗಪ್ಪ, ಬೆಲ್ಲದ ವ್ಯಾಪಾರಿ. ಸ್ವಲ್ಪ ಬಿಗಿ ಮನುಷ್ಯ, ಆದರೆ ಕುರಿ ಬಂಗಲೆಯ ಮಾತಿಗೆ ಮೂಗು ಮುರಿಯಲಿಲ್ಲ. ಹುಡುಗನೂ ಹುಡುಗಿಯೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಸೋಮವಾರ ವೀಳ್ಯ ಬದಲಾಯಿಸಿ ಮಾತು ಗಟ್ಟಿ ಮಾಡುವುದೆಂದು ಆಗಿ, ಶಂಕರಲಿಂಗಪ್ಪ ಭಾನುವಾರದ ಸಂಜೆಯೇ ಬಸ್ಸಿಳಿದು ಮನೆಗೆ ಬಂದರು. ಕಮಲಾಕ್ಷಮ್ಮ ಪೆಟ್ಟಿಗೆಯಿಂದ ಆ ಹೊಸ ಸೀರೆಯನ್ನು ಮತ್ತೆ ತೆಗೆದಿದ್ದಳು.

ಅಡವಯ್ಯ ಮನೆಯಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ಒಂದು ಕುರಿ ಇತ್ತು, ಎಲ್ಲಿಗೆ ಹೋಗಿರುತ್ತಾನೆ ಎಂದು ನಿಮಗೆ ಗೊತ್ತು. ಕರಿಬಸಮ್ಮ ಬೀಗರಾಗುವವರಿಗೆ ಕಾಲಿಗೆ ನೀರು ಕೊಟ್ಟು, ವಿಭೂತಿ ಕೊಡೋಣವೆಂದು ದೇವರ ಗೂಡಿಗೆ ಕೈ ಹಾಕಿದಳು. ವಿಭೂತಿ ಗಟ್ಟಿಯ ಹಿಂದೆ ತಣ್ಣಗಿನದೇನೋ ಕೈಗೆ ತಾಗಿತು. ಹೊರಗೆ ತೆಗೆದು ನೋಡಿದರೆ, ಗಂಡನ ಕರಡಿಗೆ!

ಅವಳ ಕೈಯಲ್ಲಿದ್ದ ತಟ್ಟೆ ಠಣ್ ಎಂದು ಬಿತ್ತು. ಸತ್ತರೂ ಹೆಣದ ಜೊತೆಗೆ ಹೋಗುವ ಲಿಂಗ, ಮೈಮೇಲಿಲ್ಲದೆ ಇಲ್ಲಿದೆ ಎಂದರೆ ಏನರ್ಥ? ಅಡವಯ್ಯನಿಗೆ ಏನೋ ಆಗಿಹೋಗಿದೆ ಎಂದುಕೊಂಡೇ ಅವಳು, "ಅಯ್ಯೋ ಶಿವನೇ, ಹೋಗ್ಬುಟ್ರಲ್ಲಪ್ಪಾ!" ಎಂದು ಬೊಬ್ಬೆ ಹಾಕಿದಳು. ಶಂಕರಲಿಂಗಪ್ಪ ಗಾಬರಿಯಾಗಿ ಎದ್ದು ನಿಂತರು. ಸರಿಯಾಗಿ ಅದೇ ಗಳಿಗೆಗೆ ಸತ್ತಿದ್ದ ಅಡವಯ್ಯ ಹಿತ್ತಲ ಬಾಗಿಲಿನಿಂದ ಒಳಗೆ ಬಂದ, ಮಡಿಲಲ್ಲಿ ಸೀಸೆ ಮುಚ್ಚಿಕೊಂಡು. ಹೆಂಡತಿಯ ಕೂಗಿಗೆ ಬೆಚ್ಚಿ ಮಡಿಲು ಬಿಟ್ಟ. ಸೀಸೆ ಒಡೆಯಲಿಲ್ಲ, ಬಿರಡೆ ಮಾತ್ರ ಕಿತ್ತುಕೊಂಡಿತು. ಮನೆಯೆಲ್ಲ ಗಮ್ಮೆಂದಿತು.

ಕಮಲಾಕ್ಷಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಪ್ಪನನ್ನೂ ಸೀಸೆಯನ್ನೂ ನೋಡಿ, ಮೆಲ್ಲಗೆ ಒಳಗೆ ಸರಿದಳು.

"ಬಸ್ಸಿನಲ್ಲೇ ಒಬ್ಬ ಹೇಳಿದ" ಎಂದರು ಶಂಕರಲಿಂಗಪ್ಪ. "ನಾನು ನಂಬಿರಲಿಲ್ಲ, ಅಡವಯ್ಯನೋರೇ."

"ಕುರಿಗೆ ಸ್ವಾಮಿ, ನಿಮ್ಮಾಣೆಗೂ ಕುರಿಗೆ!" ಎಂದ ಅಡವಯ್ಯ. ಹೇಳುತ್ತ ಹೇಳುತ್ತ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ. ಕ್ಲೋರೋಫಾರಂ ನಿಂತದ್ದು, ಹಲ್ಲು ಕಡಿದ ಕುರಿ, ಮೂಡಲಗಿರಿಯಪ್ಪನ ಕಟ್ಟೆ ನೀರು, ನೀಲಿ ಉರಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಹೇಳಿದ.

ಕರಿಬಸಮ್ಮ ಕಣ್ಣೊರೆಸಿಕೊಂಡು ಕರಡಿಗೆಯನ್ನು ಅವನ ಮುಂದೆ ಹಿಡಿದಳು. "ಕುಡಿದ್ರಿ ಅಂದ್ರೂ ತಡ್ಕಂತಿದ್ದೆ. ಇದನ್ ಹೆಂಗ್ರೀ ತೆಗ್ದಿಟ್ರಿ? ನಾನು ನಿಮ್ ಹೆಣ ಎಲ್ ಬಿದ್ದೈತೋ ಅಂತ ಹೊಟ್ಟೆ ಹಿಸುಕ್ಕಂಡೆ."

"ಅಂಗ್ಡಿ ಒಳಕ್ಕೆ ತಗಂಡ್ ಹೋಗ್ಬಾರ್ದಲ್ಲ ಅಂತ..."

"ಲಿಂಗ ಹೋಗ್ಬಾರ್ದ ಜಾಗಕ್ಕೆ ನೀವ್ ಮಾತ್ರ ಹೋಗ್ಬೌದಾ?" ಎಂದಳು ಅವಳು. ಅಡವಯ್ಯ ಸ್ನಾನ ಮಾಡಿ ಬಂದು ಕರಡಿಗೆಯನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡ.

ಶಂಕರಲಿಂಗಪ್ಪ ವ್ಯಾಪಾರಿ. ಮೂಟೆ ಬಿಚ್ಚಿ ನೋಡದೆ ಬೆಲ್ಲ ಕೊಳ್ಳುವವರಲ್ಲ. ಬೆಳಿಗ್ಗೆ ತಾವೇ ಕುರಿ ಬಂಗಲೆಗೆ ಹೊರಟರು. ಬಾಗಿಲಲ್ಲಿ ಮೂಗಿಗೆ ಉತ್ತರೀಯ ಒತ್ತಿಕೊಂಡು ನಿಂತು ನೋಡಿದರು. ಅಡವಯ್ಯ ಗೊಟ್ಟದಲ್ಲಿ ನಿಧಾನವಾಗಿ ಕುಡಿಸಿದ, ಕುರಿ ಕಾಲು ಮಡಿಸಿತು, ತಲೆ ಅವನ ತೊಡೆಗೆ ಬಂತು. ರಾತ್ರಿಯೆಲ್ಲ ನಡೆದಾಡಿದ ಮನುಷ್ಯ ಈಗ ಅಲುಗಲೇ ಇಲ್ಲ. "ಮಲಗ್ತು ಸ್ವಾಮಿ" ಎಂದ. ಆಗ ಡಾಕ್ಟರ ಕೈ ಮುಂದೆ ಬಂತು. ರಕ್ತ ಕಂಡು ಶಂಕರಲಿಂಗಪ್ಪ ಮುಖ ತಿರುಗಿಸಿದರು, ಮತ್ತೆ ತಡೆಯಲಾರದೆ ನೋಡಿದರು. ಕುರಿಯ ಮುಖದಲ್ಲಿ ಏನೂ ಇರಲಿಲ್ಲ, ಹಾಲು ಕುಡಿದು ಮಲಗಿದ ಮರಿಯ ಹಾಗೆ ಉಸಿರಾಡುತ್ತಿತ್ತು.

ಮನೆಗೆ ಬಂದು ಜಗಲಿಯ ಮೇಲೆ ಕೂತು, ಅವರು ತುಂಬಾ ಹೊತ್ತು ಎಲೆಗೆ ಸುಣ್ಣ ಸವರಿದರು. "ನೀವು ಹೇಳಿದ್ದು ನಿಜ. ನನಗೆ ಅರ್ಥ ಆಯ್ತು, ಅಡವಯ್ಯನೋರೇ. ಆದ್ರೆ ಕೊರಟಗೆರೇಲಿ ನನ್ನ ಅಂಗಡಿ ಮುಂದೆ ದಿನಾ ನಾಕು ಜನ ಕೂರ್ತಾರೆ. ಒಬ್ಬೊಬ್ಬರನ್ನೂ ಕರ್ಕಂಡು ಬಂದು ಕುರಿ ತೋರ್ಸಕ್ಕಾಯ್ತದಾ? ಬೀಗ ಸಾರಾಯಿ ಅಂಗಡಿಗೆ ಹೋಗ್ತಾನೆ ಅಂದ್ರೆ ನನ್ನ ಸೊಸೆ ತಲೆ ಎತ್ತಕ್ಕಾಗಲ್ಲ. ಇನ್ನು ಆ ಕಡೆ ಹೋಗಲ್ಲ ಅಂತ ಲಿಂಗ ಮುಟ್ಟಿ ಹೇಳಿ, ಈಗಲೇ ವೀಳ್ಯ ತಗಳಣ."

ಅಡವಯ್ಯ ಬಾಗಿಲ ಸಂದಿಯಲ್ಲಿ ಹೊಸ ಸೀರೆಯ ಅಂಚನ್ನು ಕಂಡ. ಎರಡು ಸಲ ಮಡಿಸಿಟ್ಟ ಸೀರೆ. ಲಿಂಗದ ಮೇಲೆ ಕೈಯಿಟ್ಟು, "ಹೋಗಲ್ಲ" ಎಂದುಬಿಟ್ಟ.

ಕರಿಬಸಮ್ಮ ತಟ್ಟೆಗೆ ಎಲೆ, ಅಡಿಕೆ, ತೆಂಗಿನಕಾಯಿ ಜೋಡಿಸುತ್ತಿದ್ದಾಗಲೇ ಮೂಡಲಗಿರಿಯಪ್ಪ ಓಡುತ್ತ ಬಂದ. ಬೀದಿಯಲ್ಲೇ ನಿಂತು, ಎದೆ ಹಿಡಿದುಕೊಂಡು ಏದುಸಿರು ಬಿಟ್ಟ.

"ಅಯ್ನೋರೇ, ನನ್ ಕೆಂದಿ! ಹುಲಿಕುಂಟೆಯಿಂದ ನನ್ ತಮ್ಮ ಗಾಡೀಲಿ ತಂದವ್ನೆ. ಎರಡ್ ದಿನದಿಂದ ಮೇವ್ ಮುಟ್ಟಿಲ್ವಂತೆ, ಸುತ್ತಿ ಸುತ್ತಿ ಬಿದ್ಬುಟ್ಟೈತೆ. ಡಾಕ್ಟ್ರು ಇವತ್ತೇ ತೆಗೀಬೇಕು, ನಾಳೆಗೆ ಉಳಿಯಲ್ಲ ಅಂದ್ರು. ಸಾರಾಯಿ ಬೆಳಿಗ್ಗೇನೇ ಮುಗುದೋಯ್ತು. ಇಲ್ದಿದ್ರೆ ಅಂಗೇ ಹಿಡ್ಕಂಡು ಕುಯ್ಯೋದೇ ಅಂತವ್ರೆ. ನೀವೇ ಹೋಗ್ಬೇಕು, ನನ್ ಕೈಗ್ ಕೊಡ್ಬ್ಯಾಡಿ, ನನ್ನ ನಾನೇ ನಂಬಲ್ಲ!"

ಕೆಂದಿ ಎಂದರೆ ಅವನ ಮಂದೆಯ ಮುಂದಿನ ಕುರಿ. ಅದರ ಹಿಂದೆಯೇ ಇಡೀ ಮಂದೆ ನಡೆಯುತ್ತಿತ್ತು. ಮೂಡಲಗಿರಿಯಪ್ಪ ಕಂಬಳಿಯ ಚುಂಗಿನಲ್ಲಿ ಮುಖ ಮುಚ್ಚಿಕೊಂಡ.

ಅಡವಯ್ಯ ಎದ್ದ. ಹೊಸಿಲವರೆಗೆ ಹೋದ, ನಿಂತ. ವಾಪಸು ಬಂದ. ಮತ್ತೆ ಹೊಸಿಲಿಗೆ ಹೋದ. ಕೈ ಕೊರಳ ಕರಡಿಗೆಯನ್ನು ಹಿಡಿದೇ ಇತ್ತು. ಆಣೆ ಹಾಕಿ ಎಲೆಯ ನೀರೂ ಆರಿಲ್ಲ. ಶಂಕರಲಿಂಗಪ್ಪ ಅವನನ್ನು ನೋಡುತ್ತಿದ್ದರು, ಒಳಗಿನಿಂದ ಮಗಳು ನೋಡುತ್ತಿದ್ದಳು. ಕಿವಿಯಲ್ಲಿ ಕಟಕಟ, ಕಟಕಟ. ಹೋದರೆ ಮಗಳ ಬಾಳು, ಹೋಗದಿದ್ದರೆ ಆ ತೆರೆದ ಕಣ್ಣು. "ಏನ್ ಮಾಡ್ಲಿ? ಲೇ ಕರಿಬಸೀ, ನಾನೇನ್ ಮಾಡ್ಲೇ?" ಎಂದು ಅವನು ಚಿಕ್ಕ ಮಕ್ಕಳ ಹಾಗೆ ಕೇಳಿದ.

ಕರಿಬಸಮ್ಮ ವೀಳ್ಯದ ತಟ್ಟೆಯನ್ನು ಗೋಡೆಗೆ ಒತ್ತಿ ಇಟ್ಟಳು. ಒಳಗೆ ಹೋಗಿ ದೇವರ ಗೂಡಿನ ಪಕ್ಕದಲ್ಲಿದ್ದ ತಾಮ್ರದ ಚೊಂಬು ತಂದಳು. ಸೀರೆಯ ನೆರಿಗೆ ಸರಿಪಡಿಸಿಕೊಂಡಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ರವಿಕೆಯೊಳಗಿದ್ದ ತನ್ನ ಕರಡಿಗೆಯನ್ನು ಹೊರಕ್ಕೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಸೆರಗಿನ ಮೇಲೆ ಬಿಟ್ಟುಕೊಂಡಳು.

"ಎಲ್ಲಿಗೇ?" ಎಂದ ಅಡವಯ್ಯ.

"ಇಂದ್ರಮ್ಮನ ಅಂಗ್ಡಿಗೆ. ಆಣೆ ಮಾಡ್ದೋರು ನೀವು, ನಾನಲ್ಲ." ಅವಳು ಶಂಕರಲಿಂಗಪ್ಪನವರ ಕಡೆ ತಿರುಗಿದಳು. "ತಪ್ ತಿಳ್ಕಬ್ಯಾಡಿ ಅಣ್ಣಾರೇ. ಇವ್ರು ಮಾಡಿದ್ ಕೆಲ್ಸ ತಪ್ಪಲ್ಲ, ಕದ್ದು ಮುಚ್ಚಿ ಮಾಡಿದ್ದು ತಪ್ಪು. ಲಿಂಗ ತೆಗ್ದಿಟ್ಟು, ಹಿತ್ಲು ಗಲ್ಲೀಲಿ, ಮಡ್ಲಲ್ಲಿ ಮುಚ್ಕಂಡು ಹೋದ್ರೆ ಯಾವನ್ ತಾನೆ ಕುರಿಗೆ ಅಂತಾನೆ? ನಾನು ಲಿಂಗ ಕಟ್ಕಂಡು, ಪೇಟೆ ಬೀದಿ ನಡುವೆ ಹೋಯ್ತೀನಿ. ಕೇಳಿದೋರ್ಗೆಲ್ಲ ಕುರಿಗೆ ಅಂತೀನಿ. ಆ ಮೂಕ್ ಪ್ರಾಣಿನ ಎಚ್ರ ಇದ್ದಂಗೇ ಕುಯ್ಯಕ್ಕೆ ಬುಟ್ಟು, ಇಲ್ಲಿ ಎಲೆ ಅಡ್ಕೆ ಹಂಚಕ್ಕೆ ನನ್ ಕೈ ಬರಲ್ಲ. ಈ ಸಂಬಂಧನೂ ಹೋದ್ರೆ..." ಮಗಳು ನಿಂತಿದ್ದ ಬಾಗಿಲ ಕಡೆ ನೋಡಲಾರದೆ ತಲೆ ತಗ್ಗಿಸಿದಳು.

"ಹೋಗವ್ವ" ಎಂದಳು ಕಮಲಾಕ್ಷಮ್ಮ ಒಳಗಿನಿಂದ. ಅವತ್ತೆಲ್ಲ ಆ ಹುಡುಗಿ ಆಡಿದ್ದು ಅದೊಂದೇ ಮಾತು.

ಕರಿಬಸಮ್ಮ ಬೀದಿಗೆ ಇಳಿದಳು. ಮಟಮಟ ಮಧ್ಯಾಹ್ನ, ಎದುರು ಮನೆಯವರು ಜಗಲಿಯಲ್ಲೇ ಇದ್ದರು. ಅಡವಯ್ಯ ಹೊಸಿಲ ಮೇಲೆ ನಿಂತು ಚಡಪಡಿಸಿದ. ಅವಳಿಗೆ ಪರೀಕ್ಷೆ ಮಾಡುವುದು ಗೊತ್ತಿಲ್ಲವಲ್ಲ! ಇಡೀ ಕೇರಿಗೆ ಕೇಳಿಸುವ ಹಾಗೆ ಕೂಗಿಕೊಂಡ: "ಬತ್ತಿ ಅದ್ದಿ ಹಚ್ ನೋಡೇ! ನೀಲಿ ಉರಿ ಬರ್ಬೇಕು! ಹತ್ಲಿಲ್ಲ ಅಂದ್ರೆ ನೀರ್ ಬೆರ್ಸವ್ಳೆ, ತಗಬ್ಯಾಡ!"

ಎದುರು ಮನೆಯವರ ಬಾಯಿ ತೆರೆದದ್ದು ತೆರೆದೇ ಇತ್ತು. ಶಂಕರಲಿಂಗಪ್ಪ ಬಾಯಲ್ಲಿದ್ದ ಎಲೆಯನ್ನು ಉಗಿದರು. ಎದ್ದರು, ಕೋಟಿನ ಗುಂಡಿ ಹಾಕಿದರು, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡರು. ಬಸ್ಸಿಗೆ ಹೊರಟರು, ಮೂರನೆಯದೂ ಹೋಯಿತು ಎಂದುಕೊಂಡ ಅಡವಯ್ಯ. ಅವರು ಮೆಟ್ಟು ಮೆಟ್ಟಿಕೊಂಡು ಬೀದಿಗೆ ಇಳಿದರು, ಆದರೆ ಬಸ್ಸು ನಿಲ್ಲುವ ಕಡೆ ತಿರುಗಲಿಲ್ಲ.

"ಬೀಗಿತ್ತಿ ಒಬ್ರೇ ಹೋಗಬಾರ್ದು" ಎಂದು ಗಟ್ಟಿಯಾಗಿ ಹೇಳಿದರು, ಎದುರು ಮನೆಯ ಕಡೆಗೇ ಮುಖ ಮಾಡಿ. "ನಿಲ್ಲಿ ತಾಯಿ, ನಾನೂ ಬತ್ತೀನಿ. ಮಾಲು ನೋಡಿ ತಗಳೋದು ನನಗೆ ಗೊತ್ತು."

ಅಡವಯ್ಯ ಹೊಸಿಲ ಮೇಲೇ ಕುಸಿದು ಕೂತ. ಎರಡೂ ಮಂಡಿ ಮಡಿಸಿ, ತೊಡೆಯ ಮೇಲೆ ಕುರಿಯ ತಲೆಯಿಲ್ಲದೆಯೂ ಅಷ್ಟು ವರ್ಷದಲ್ಲಿ ಮೊದಲ ಸಲ ಪೂರ್ತಿ ಕೂತ. ಅವರಿಬ್ಬರೂ ಪೇಟೆ ಬೀದಿಯ ತಿರುವಿನಲ್ಲಿ ಮತ್ತೆ ಕಾಣಿಸಿಕೊಳ್ಳುವ ತನಕ ಮೂಡಲಗಿರಿಯಪ್ಪನೂ ಅವನ ಪಕ್ಕದಲ್ಲಿ ಕೂತು ಮೂಗು ಸೊರಗುಟ್ಟುತ್ತಿದ್ದ. ಮುಂದೆ ಕರಿಬಸಮ್ಮ, ಸೆರಗಿನ ಮೇಲೆ ಲಿಂಗ, ಎರಡೂ ಕೈಯಲ್ಲಿ ತುಂಬಿದ ಚೊಂಬು. ಹಿಂದೆ ಕೊಡೆ ಬಿಚ್ಚಿ ಹಿಡಿದ ಶಂಕರಲಿಂಗಪ್ಪ.

"ನೀಲಿ ಉರೀತು" ಎಂದಳು ಅವಳು. ಮುಖವೆಲ್ಲ ಬೆವರು, ಕಣ್ಣಲ್ಲಿ ನೀರು. "ಮೊದಲ್ನೇದು ಹತ್ಲಿಲ್ಲ. ಅಣ್ಣಾರು ಬೈದು ಬೇರೆ ಹಾಕ್ಸಿದ್ರು."

ಕಮಲಾಕ್ಷಮ್ಮ ವೀಳ್ಯದ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಶಂಕರಲಿಂಗಪ್ಪ ಕೈ ಅಡ್ಡ ಮಾಡಿದರು. "ಅದನ್ನ ಒಳಗಿಡವ್ವ. ಮೊದ್ಲು ಕುರಿ ಮಲಗ್ಲಿ, ವೀಳ್ಯ ಆಮೇಲೆ."

ಅಷ್ಟು ಹೊತ್ತಿಗೆ ಅಡವಯ್ಯ ಚೊಂಬು ಹಿಡಿದು, ಒಂದು ತೊಟ್ಟೂ ಚೆಲ್ಲದ ಹಾಗೆ, ಬೆಟ್ಟದ ಕಡೆಗೆ ಓಡುತ್ತಿದ್ದ.